ಹಾನೋರಾ ಲಾವೆಲ್‌ಳ ಹಾಡು

ಊರಿನ ಹಾಡುಗಾರ ಕೋಲ್ಮನ್ ಟಾರ್ಪಿಯ ಹೊಸ ಆಲ್ಬಮ್ಮಿನ ಹಾಡು ರೇಡಿಯೋದಲ್ಲಿ ಬಂದಾಗ ಅಟ್ರಾಕ್ಟಾ ಗಿಲ್ರೇನ್ ಸೋಡಾ ಬ್ರೆಡ್ಡಿನ ಹಿಟ್ಟಿಗೆ ಮಜ್ಜಿಗೆ ಸುರಿಯುತ್ತಿದ್ದಳು. ಮೊದಲ ಸಾಲು ಕಿವಿಗೆ ಬಿದ್ದದ್ದೇ ತಡ, ಅವಳು ಕಲ್ಲಾದಳು. ಮಜ್ಜಿಗೆ ಮಾತ್ರ ಸುರಿಯುತ್ತಲೇ ಇತ್ತು. ಹಿಟ್ಟು ಗಂಜಿಯಾಯಿತು.

"ಆಲ್ಬಮ್ಮಲ್ಲಿ ಅರ್ಧ ಅವರೇ ಕಟ್ಟಿದ ಹಾಡು, ಅರ್ಧ ಬೇರೆಯವರದ್ದು," ಎಂದು ಹಾಡು ಮುಗಿದ ಮೇಲೆ ರೇಡಿಯೋದವನು ಹೇಳಿದ. "ಈಗ ಕೇಳಿದ್ದು ಅವರ ಸ್ವಂತದ್ದು. ಎಪ್ಪತ್ತು ದಾಟಿದ ಮೇಲೂ ಎಂಥ ಹಾಡು ಕಟ್ತಾರೆ ನೋಡಿ!"

ಅಟ್ರಾಕ್ಟಾಳ ಮೈಯೆಲ್ಲ ಉರಿದುಹೋಯಿತು. ಕಟ್ಟಿದನಂತೆ, ಕಟ್ಟಿದನು! ಆ ಹಾಡು ಕಟ್ಟಿದ್ದು ಅವಳು. ಅಣ್ಣ ಫೀಲಿಮ್ ಏಡಿ ಹಿಡಿಯಲು ಕಡಲಿಗೆ ಹೋದವನು ಮರಳದೇ ಹೋದ ವರ್ಷ, ಹಾಲು ಕರೆಯುತ್ತ, ಹಸುವಿನ ಹೊಟ್ಟೆಗೆ ಹಣೆಯಾನಿಸಿಕೊಂಡು ಕಟ್ಟಿದ್ದು. ಆಗಿನ್ನೂ ಅವಳಿಗೆ ಇಪ್ಪತ್ತು ತುಂಬಿರಲಿಲ್ಲ.

ಆದರೆ ಹಾಗೆಂದು ಹೇಳುವ ಬಾಗಿಲನ್ನು ಅವಳೇ ಮುಚ್ಚಿಕೊಂಡಿದ್ದಳು. ಮೇಯೋ ಸೀಮೆಯ ಆ ಕಡಲ ದಂಡೆಯಲ್ಲಿ ಯಾರು ಹಾಡಲು ನಿಂತರೂ ಹಾಡು ಯಾರಿಂದ ಬಂತೆಂದು ಮೊದಲು ಹೇಳಬೇಕು. ಇಂಥ ಊರಿನ ಇಂಥ ಮುದುಕನಿಂದ ಕಲಿತೆ ಎಂದರೆ ಜನ ಲೋಟ ಕೆಳಗಿಟ್ಟು ಕೇಳುತ್ತಾರೆ. ನಾನೇ ಕಟ್ಟಿದೆ ಎಂದು ಚೋಟುದ್ದದ ಹುಡುಗಿ ಹೇಳಿದ್ದರೆ ಆ ಕಾಲದಲ್ಲಿ ನಕ್ಕುಬಿಡುತ್ತಿದ್ದರು. ಅಣ್ಣನ ಹಾಡಿಗೆ ಯಾರೂ ನಗಬಾರದಿತ್ತು. ಅದಕ್ಕೇ ಡೆವಿನ್ ಮನೆಯ ಹಾಡಿನ ಕೂಟದಲ್ಲಿ ಎದ್ದು ನಿಂತಾಗ, "ಅಕಿಲ್ ದ್ವೀಪದ ಹಾನೋರಾ ಲಾವೆಲ್ ಅನ್ನೋ ಅಜ್ಜಿಯಿಂದ ಕಲಿತೆ" ಎಂದುಬಿಟ್ಟಳು. ಆ ಹೆಸರನ್ನು ಅವಳು ಓದಿದ್ದು ಗೋರಿಕಲ್ಲಿನ ಮೇಲೆ. ಸತ್ತವಳು ಬಂದು ಸಾಕ್ಷಿ ನುಡಿಯುವುದಿಲ್ಲವಲ್ಲ ಎಂಬ ಧೈರ್ಯ.

ಜನ ನಂಬಿದರು. ಸುತ್ತಲ ನಾಲ್ಕಾರು ಊರುಗಳಲ್ಲಿ, ಸಾವಿನ ಮನೆಯಲ್ಲೂ ಮದುವೆಯ ಮನೆಯಲ್ಲೂ ಅದು ಹಾನೋರಾಳ ಹಾಡೆಂದೇ ಓಡಾಡಿತು. ಅವಳಿಗಿದ್ದದ್ದು ಒಂದೇ ಕೊರಗು. ಫೀಲಿಮ್‌ನ ದೋಣಿಯ ಬಣ್ಣ ನೀಲಿ. ಸಾವಿನ ಹಾಡಿಗೆ ನೀಲಿ ಒಪ್ಪುವುದಿಲ್ಲವೆಂದು ಯಾವನೋ ಮಹಾನುಭಾವ ಅದನ್ನು ಕರಿ ದೋಣಿ ಮಾಡಿದ, ಅದೇ ನಿಂತುಹೋಯಿತು. ತಿದ್ದೋಣವೆಂದರೆ ಅಜ್ಜಿಯ ಹಾಡಿನ ದೋಣಿಯ ಬಣ್ಣಕ್ಕೆ ನಿನಗೇಕಿಷ್ಟು ಹಠ ಎಂದು ಕೇಳಿಯಾರು. ಹೋಗಲಿ ಎಂದು ಸುಮ್ಮನಿದ್ದಳು. ಹಾಡು ಎಲ್ಲರದಾಗಿತ್ತು, ಅದರೊಳಗೆ ಅಣ್ಣನಿದ್ದ. ಈಗ ಅದು ಕೋಲ್ಮನ್ ಒಬ್ಬನ ಪಾಲಾದರೆ ಅಣ್ಣನೂ ಅವನ ಜೇಬು ಸೇರಿದಂತೆಯೇ.

ಅಷ್ಟರಲ್ಲಿ ಪಕ್ಕದ ಮನೆಯ ಜಾರ್ಲತ್ ಎಂದಿನಂತೆ ಬಾಗಿಲು ತಟ್ಟದೆ ಒಳಗೆ ಬಂದ.

"ಏನೇ ಮಾರಾಯ್ತಿ, ಹಿಟ್ಟಲ್ಲಿ ಬಾತುಕೋಳಿ ಬಿಡ್ತೀಯೇನು?"

"ಕೋಲ್ಮನ್ ಕಳ್ಳ ಅಂತ ನಿಂಗೆ ಯಾವತ್ತಾದ್ರೂ ಅನ್ಸಿದ್ಯೇನೋ?"

"ಸ್ಕೂಲಲ್ಲಿ ನನ್ನ ಸೇಬು ಕದ್ದಿದ್ದ. ಯಾಕೆ?"

"ಹಾನೋರಾ ಹಾಡನ್ನ ತನ್ನದು ಅಂತ ಹಾಕ್ಕೊಂಡಿದ್ದಾನೆ. ಈಗಷ್ಟೇ ರೇಡಿಯೋದಲ್ಲಿ ಬಂತು."

"ಅಯ್ಯೋ, ಆ ಮುದುಕಿ ಸತ್ತು ಎಷ್ಟು ಕಾಲ ಆಯ್ತು. ಅವಳಿಗಿಲ್ಲದ ಸಂಕಟ ನಿಂಗ್ಯಾಕೆ?"

ಅಟ್ರಾಕ್ಟಾ ಕೆಟಲನ್ನು ಒಲೆಯ ಮೇಲೆ ಕುಕ್ಕಿದಳು. ಹೋದ ಶರತ್ಕಾಲದ್ದೆಲ್ಲ ಒಂದೊಂದಾಗಿ ನೆನಪಾಗುತ್ತಿತ್ತು. ಕೋಲ್ಮನ್ ಎಂದೂ ಬರಿಗೈಯಲ್ಲಿ ಬರುವವನೇ. ಆಗ ಮಾತ್ರ ದ್ರಾಕ್ಷಿ ಹಾಕಿದ ಬ್ರ್ಯಾಕ್ ಬ್ರೆಡ್ ಹಿಡಿದುಕೊಂಡು ಮತ್ತೆ ಮತ್ತೆ ಬಂದಿದ್ದ. ಹಾನೋರಾಗೆ ಮಕ್ಕಳಿದ್ದರೇ? ಮನೆ ಯಾವ ಕಡೆ? ದನಿ ಹೇಗಿತ್ತು? "ಸ್ವಲ್ಪ ಗೊಗ್ಗರು, ಆದ್ರೆ ಒಳಗೆ ಜೇನು" ಎಂದು ಅವಳು ಬಾಯಿಗೆ ಬಂದದ್ದನ್ನು ಹೇಳಿದ್ದಳು. ಅವನು ತಲೆ ತಗ್ಗಿಸಿ ಟೀ ಲೋಟದೊಳಗೆ ನೋಡುತ್ತ ಕುಳಿತಿದ್ದ. ಆಗ ಅದು ಭಕ್ತಿಯೆಂದುಕೊಂಡಿದ್ದಳು. ಎಂಥ ಭಕ್ತಿ! ತಕರಾರಿಗೆ ಬರುವ ವಾರಸುದಾರರು ಇದ್ದಾರೋ ಇಲ್ಲವೋ ಎಂದು ನೋಡಿಕೊಂಡು ಹೋಗಲು ಬಂದಿದ್ದ ಮಹಾರಾಯ.

"ಭಾನುವಾರ ಹೀನಿಯ ಪಬ್ಬಲ್ಲಿ ಆಲ್ಬಮ್ ಬಿಡುಗಡೆ ಇದ್ಯಲ್ಲ, ಎಲ್ಲರ ಮುಂದೆ ಕೇಳ್ಬಿಡು," ಎಂದ ಜಾರ್ಲತ್. "ನಿಂಗೆ ಮುಂದಿನ ಸಾಲಲ್ಲಿ ಕುರ್ಚಿ ಇಟ್ಟಿದ್ದಾನಂತೆ."

"ನಂಗಾ? ಯಾಕಂತೆ?"

"ನಂಗೇನು ಗೊತ್ತು? ಪ್ರೀತಿ ಇರ್ಬೇಕು."

ಪ್ರೀತಿಯಂತೆ! ಬಾಯಿ ಬಿಡಬಹುದಾದವಳನ್ನು ಕಣ್ಣೆದುರಿಗೇ ಕೂರಿಸಿಕೊಳ್ಳುವ ಉಪಾಯ ಎಂದುಕೊಂಡಳು.

ಭಾನುವಾರ ಮಧ್ಯಾಹ್ನ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಟ್ರಾಕ್ಟಾ ಮುಂದಿನ ಕುರ್ಚಿಯಲ್ಲಿ ಕೋಟಿನ ಗುಂಡಿಯನ್ನೂ ಬಿಚ್ಚದೆ ಕುಳಿತಳು. ಕೋಲ್ಮನ್ ಬಿಳಿ ಗಡ್ಡ ಬಾಚಿಕೊಂಡು ಬಂದಿದ್ದ. ತಾನು ಕಟ್ಟಿದ ಎರಡು ಹಾಡು ಹಾಡಿದ, ಆಮೇಲೆ ಬೇರೆಯವರದ್ದು, ಪ್ರತಿಯೊಂದಕ್ಕೂ ಊರು ಹೆಸರು ಹೇಳಿ. ಕಳ್ಳ ಎಷ್ಟು ಅಚ್ಚುಕಟ್ಟಾಗಿದ್ದಾನೆ ಎಂದು ಅವಳಿಗೆ ಅನಿಸಿತು. ಅವನು ಹಾಡಿನ ನಡುನಡುವೆ ತನ್ನನ್ನೇ ನೋಡುತ್ತಿರುವುದೂ ಕಂಡಿತು.

"ಇನ್ನೊಂದಿದೆ," ಎಂದ ಕೋಲ್ಮನ್. "ರೇಡಿಯೋದವ್ನು ಅದನ್ನ ನನ್ನದು ಅಂದ. ನಾನು ಅದಕ್ಕೆ ಯಾರ ಹೆಸರೂ ಹಾಕದೆ ಬಿಟ್ಟಿದ್ದೆ, ಪಾಪ, ಅವನು ನನ್ನ ತಲೆಗೆ ಕಟ್ಟಿದ. ಅದು ನನ್ನದಲ್ಲ."

"ಹಾನೋರಾ ಲಾವೆಲ್‌ದು!" ಎಂದು ಹಿಂದಿನಿಂದ ಯಾರೋ ಮುದುಕ ಕೂಗಿದ.

"ಹಾಗಂತಾನೇ ನಾನೂ ಅಂದ್ಕೊಂಡಿದ್ದೆ. ಆಲ್ಬಮ್ಮಿಗೆ ಹಾಕೋ ಮುಂಚೆ ಅವಳ ಮನೆಯವ್ರಿಗೆ ಒಂದು ಮಾತು ಹೇಳೋಣ ಅಂತ ಅಕಿಲ್‌ಗೆ ಹೋದೆ. ತಂಗಿಯ ಮೊಮ್ಮಗಳು ಸಿಕ್ಕಿದ್ಳು. ಹಾಡಿನ ವಿಷಯ ಎತ್ತಿದ್ದೇ ತಡ, ನಕ್ಕೂ ನಕ್ಕೂ ಸುಸ್ತಾದ್ಳು. ಹಾನೋರಾ ಹುಟ್ಟಾ ಕಿವುಡಿಯಂತೆ. ಜೀವನದಲ್ಲಿ ಒಂದು ಮಾತು ಆಡಿದವಳಲ್ಲ."

ಪಬ್ಬಿಗೆ ಪಬ್ಬೇ ಗೊಳ್ಳೆಂದಿತು. ಇದಕ್ಕೇ ಇವನು ತನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದು! ಕದಿಯುವುದಕ್ಕಲ್ಲ, ಊರೆಲ್ಲ ನೋಡುವ ಹಾಗೆ ಮಾನ ಕಳೆಯುವುದಕ್ಕೆ. ಅಟ್ರಾಕ್ಟಾ ಬಾಗಿಲ ಕಡೆ ನೋಡಿದಳು. ನಡುವೆ ಜನವೋ ಜನ.

ಕೋಲ್ಮನ್ ಅವಳ ಮುಂದೆ ಬಂದು ನಿಂತ. "ಇವಳ ಬಾಯಿಂದಾನೇ ನಾನು ಇದನ್ನ ಡೆವಿನ್ ಮನೇಲಿ ಕಲಿತದ್ದು. ಯಾರಿಂದ ಅಂತ ಹೇಳದೆ ನಾನು ಜನರ ಮುಂದೆ ಯಾವತ್ತೂ ಹಾಡಿಲ್ಲ, ಇವತ್ತೂ ಹಾಡಲ್ಲ. ಅಕಿಲ್‌ನಿಂದ ಬಂದ್ಮೇಲೆ ಬ್ರ್ಯಾಕ್ ಹಿಡ್ಕೊಂಡು ಮನೆಗೇ ಬಂದು ಕೇಳ್ದೆ ಕಣೇ. ನೀನು ಆ ಕಿವುಡಿಯ ದನಿ ವರ್ಣಿಸ್ತಾ ಕೂತೆ! ಈಗ ಹೇಳು, ಅಟ್ರಾಕ್ಟಾ. ಯಾರ ಹೆಸರು ಹೇಳ್ಲಿ?"

ಅವಳು ಅವನ ಮುಖದಲ್ಲಿ ಕುಹಕ ಹುಡುಕಿದಳು. ವರ್ಷಗಟ್ಟಲೆ ಹಾಡಿ ಸವೆದ ಮುಖ, ಕಾಯುತ್ತಿದ್ದ ಮುಖ. ಕುಹಕ ಸಿಗಲಿಲ್ಲ.

"ಕಿವುಡಿ ಅಂತ ಗೊತ್ತಿರ್ಲಿಲ್ಲ ಕಣೋ," ಎಂದಳು.

ಮತ್ತೆ ನಗು ಎದ್ದಿತು. ಅದು ಅಡಗುವವರೆಗೆ ಅವಳು ಕಾದಳು.

"ನಾನೇ ಕಟ್ಟಿದ್ದು. ನಮ್ಮ ಫೀಲಿಮ್‌ಗೆ."

ಈ ಸಲ ಯಾರೂ ನಗಲಿಲ್ಲ. ಇಷ್ಟು ವರ್ಷ ಹೆದರಿಕೊಂಡಿದ್ದ ಆ ನಗುವಿಗಾಗಿ ಅವಳು ಕಿವಿಗೊಟ್ಟಳು; ಬರಲೇ ಇಲ್ಲ. ಜಾರ್ಲತ್ ಮಾತ್ರ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಅವನೂ ಫೀಲಿಮ್‌ನನ್ನು ಹುಡುಕಲು ಹೋದ ದೋಣಿಗಳಲ್ಲೊಂದರಲ್ಲಿದ್ದವನು.

"ಹಾಗಾದ್ರೆ ಮುಗೀತು," ಎಂದ ಕೋಲ್ಮನ್. "ಹಾಡಿನವಳು ಎದುರಿಗಿರೋವಾಗ ನಾನು ಬಾಯಿ ತೆರೆಯೋ ಹಾಗಿಲ್ಲ." ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಹಾಡುವವರ ಕೈಯನ್ನು ಕೇಳುವವರು ಹಿಡಿದುಕೊಳ್ಳುವ ಪದ್ಧತಿಯಂತೆ ಅವಳ ಕೈ ಹಿಡಿದು, ರಾಟೆ ತಿರುಗಿಸಿದ ಹಾಗೆ ಮೆಲ್ಲಗೆ ತಿರುಗಿಸತೊಡಗಿದ.

ಅಟ್ರಾಕ್ಟಾ ಕಣ್ಣು ಮುಚ್ಚಿ ಹಾಡಿದಳು. ದನಿ ಗೊಗ್ಗರಾಗಿತ್ತು. ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಹಿಂದೆ ಕುಳಿತಿದ್ದ ಮುದುಕರೆಲ್ಲ ಸಣ್ಣಗೆ ಜೊತೆಗೂಡಿದರು. ದೋಣಿಯ ಸಾಲು ಬಂತು. ಅವರೆಲ್ಲ ರೂಢಿಯಂತೆ ಕರಿ ದೋಣಿ ಎಂದರು.

ಅವಳು ನಿಲ್ಲಿಸಿ ಕಣ್ಣು ಬಿಟ್ಟಳು.

"ನೀಲಿ," ಎಂದಳು. "ಅವ್ನೇ ಬಣ್ಣ ಹಚ್ಚಿದ್ದು. ನೀಲಿ."

ಕೋಲ್ಮನ್‌ನ ಬಾಯಿ ತೆರೆದೇ ಇತ್ತು. "ಅಯ್ಯೋ ದೇವ್ರೇ, ಎಲ್ಲರ ಬಾಯಲ್ಲೂ ಕೇಳಿ ಕೇಳಿ ನಂಗೂ ಮರೆತೇಹೋಗಿತ್ತು, ಆಲ್ಬಮ್ಮಲ್ಲಿ ಕರಿ ಅಂತಾನೇ ಹೋಗಿದ್ಯಲ್ಲೇ!"

"ಸುಮ್ನೆ ಕೈ ತಿರುಗ್ಸು," ಎಂದು ಗದರಿ, ಆ ಸಾಲನ್ನು ಮೊದಲಿನಿಂದ ಎತ್ತಿಕೊಂಡಳು. ಈ ಸಲ ಇಡೀ ಪಬ್ಬು ಅವಳ ಜೊತೆ ನೀಲಿ ದೋಣಿಯೆಂದೇ ಹಾಡಿತು.