ಉಸಿರು ಒರೆಸುವವರು

“ನೆಲ ಒರೆಸೋ ಮುಂಡೆ ಕೈಗೆ ಹಾಡು ಕೊಟ್ರೆ ಹಿಂಗೇ ಆಗೋದು. ಬೆಳಗ್ಗಿಂದ ಒಂದು ಹಾಡು ಮುಗೀಲಿಲ್ವಲ್ಲೇ ನಿಂಗೆ? ಅಲ್ಲಿ ನಿನ್ನ ವಾರಗಿತ್ತಿ ಗುಂಡಿ ಒತ್ತಿ ಎಲ್ಲಾ ಮುಗ್ಸಿ ಕಾಫಿ ಕುಡೀತಾ ಕೂತಿದಾಳೆ.”

ಯಜಮಾನ ಹಿಂದಿನ ಕೋಣೆಯ ಬಾಗಿಲಲ್ಲೇ ನಿಂತು ಬೈಯುತ್ತಿದ್ದ. ದೊಡ್ಡವಳು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ತಲೆ ತಗ್ಗಿಸಿದಳು. ಬೈಗುಳ ಅವಳಿಗೆ ಹೊಸದಲ್ಲ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ರೂಢಿಯಾಗಿತ್ತು. ಆದರೆ ಆ ಕೊನೆಯ ಮಾತು ಎದೆಗೆ ನಾಟಿತು. ಕಾಫಿ ಅಂತೆ. ಅದೂ ಹಾಡು ಮುದ್ರಿಸುವ ದೊಡ್ಡ ಕೋಣೆಯಲ್ಲಿ, ಕುರ್ಚಿಯ ಮೇಲೆ ಕೂತು.

ಆ ಸ್ಟುಡಿಯೋದಲ್ಲಿ ಹಿಂದಿನ ಕೋಣೆಯ ಹೆಂಗಸರನ್ನು ‘ಒರೆಸೋರು’ ಎಂದೇ ಕರೆಯುತ್ತಿದ್ದರು. ಹಾಡುವವರು ನಡುನಡುವೆ ಎಳೆದುಕೊಂಡ ಉಸಿರು, ನುಂಗಿದ ಎಂಜಲು, ತುಟಿ ಬಿಡಿಸುವಾಗಿನ ಚಪ್ಪರಿಕೆ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೊಂದಾಗಿ ಹುಡುಕಿ ಕತ್ತರಿಸಿ ತೆಗೆಯುವುದು ಅವರ ಕೆಲಸ. ಎಲ್ಲರೂ ಮೊದಲು ನೆಲ ಒರೆಸಲು ಬಂದವರೇ. ಈಗಲೂ ಬೆಳಗ್ಗೆ ನೆಲ ಒರೆಸಿದ ಮೇಲೇ ಹಾಡು ಒರೆಸಲು ಕೂರಬೇಕು. ದೊಡ್ಡ ಕೋಣೆಗೆ ಹೋಗುವುದಾದರೆ ಕೈಯಲ್ಲಿ ಬಕೆಟ್ಟು ಇರಲೇಬೇಕು. ಬರಿಗೈಯಲ್ಲಿ ಹೋದವಳನ್ನು ಯಜಮಾನ, “ಏನೇ, ಹಾಡೋಕೆ ಬಂದ್ಯಾ?” ಎಂದು ಎಲ್ಲರೆದುರು ನಗೆಪಾಟಲು ಮಾಡುತ್ತಿದ್ದ.

ಮೈದುನನ ಹೆಂಡತಿಯನ್ನು ಈ ಕೆಲಸಕ್ಕೆ ಸೇರಿಸಿದವಳು ದೊಡ್ಡವಳೇ. ಮೌಸ್ ಹಿಡಿಯಲು ಕಲಿಸಿದ್ದೂ ಅವಳೇ. ಆ ಚಿಕ್ಕವಳು ಊಟದ ಹೊತ್ತಿನಲ್ಲಿ ಫೋನಿನಲ್ಲಿ ಏನೇನೋ ನೋಡಿ ನೋಡಿ, ಮಿಕ್ಸಿಂಗ್ ಸಾಫ್ಟ್‌ವೇರಿನೊಳಗೆ ನಾಲ್ಕು ಸಾಲು ಬರೆದು ಕೂರಿಸಿದಳು. ಅದಕ್ಕೆ ಸ್ಕ್ರಿಪ್ಟ್ ಅನ್ನುತ್ತಾರಂತೆ. ಒಂದು ಗುಂಡಿ ಒತ್ತಿದರೆ ಸಾಕು, ಇವರು ಕಣ್ಣು ಕೆಂಪಗೆ ಮಾಡಿಕೊಂಡು ಹೆಕ್ಕುತ್ತಿದ್ದ ಉಸಿರೆಲ್ಲ ತಾನಾಗಿ ಮಾಯ.

ಅಂದಿನಿಂದ ಚಿಕ್ಕವಳು ದೊಡ್ಡ ಕೋಣೆಗೆ ಬರಿಗೈಯಲ್ಲಿ ಹೋಗತೊಡಗಿದಳು. ಮನೆಯಲ್ಲೂ ಅದೇ ಕಥೆ. ಅತ್ತೆ, “ಸಣ್ಣೋಳು ತಲೆ ಓಡಿಸ್ತಾಳೆ ಕಣೇ, ನೀನು ಬರೀ ಮೈ ಓಡಿಸ್ತೀಯ,” ಎಂದು ಬಡಿಸುವಾಗಲೇ ಹೇಳಿದಳು. ದೊಡ್ಡವಳು ತಟ್ಟೆ ಸರಿಸಿ ಎದ್ದಳು. ಹೊಟ್ಟೆಯುರಿ ಎಂದರೆ ಬರೀ ಮಾತಲ್ಲ, ನಿಜವಾಗಿಯೂ ಉರಿಯುತ್ತದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಗುಂಡಿ ಒಮ್ಮೊಮ್ಮೆ ತಪ್ಪುತ್ತಿತ್ತು. “ಹೋಗಿ ಅವಳ ಪಕ್ಕ ಕೂತ್ಕೊ. ಯಾವುದು ಉಸಿರು, ಯಾವುದು ಹಾಡು ಅಂತ ಹೇಳ್ಕೊಡು,” ಎಂದ ಯಜಮಾನ. ಕೂರಲು ಎಲ್ಲಿದೆ? ಚಿಕ್ಕವಳು ಕುರ್ಚಿಯಲ್ಲಿ, ದೊಡ್ಡವಳು ಅವಳ ಕಾಲ ಬಳಿ ನೆಲದಲ್ಲಿ. ಚಿಕ್ಕವಳು ತಾನೂ ಕೆಳಗಿಳಿಯಲು ಹೋದಳು. ಯಜಮಾನ ಗದರಿಸಿ ಕೂರಿಸಿದ.

ಪರದೆಯ ಮೇಲೆ ಸ್ಕ್ರಿಪ್ಟಿನ ಸಾಲುಗಳಿದ್ದವು. ಮರೆತುಹೋಗದಿರಲೆಂದು ಚಿಕ್ಕವಳು ಒಂದೊಂದರ ಪಕ್ಕವೂ ಕನ್ನಡದಲ್ಲೇ ಬರೆದುಕೊಂಡಿದ್ದಳು. ಹಾಡು, ಇಟ್ಕೋ. ಉಸಿರು, ಬಿಸಾಕು. ಉಳಿದಿದ್ದರ ಸದ್ದು ಏರಿಸು.

“ಅಕ್ಕ, ಇದು ಉಸಿರಾ, ಹಾಡಾ?” ಎಂದು ಚಿಕ್ಕವಳು ಒಂದು ತುಣುಕು ಕೇಳಿಸಿದಳು. ಸಾಲಿನ ಕೊನೆಯಲ್ಲಿ ದನಿ ಇಳಿದು ಇಳಿದು ಕರಗುವ ಜಾಗ. ಹಾಡಿನ ಜೀವವೇ ಅಲ್ಲಿತ್ತು. ದೊಡ್ಡವಳು ಕುರ್ಚಿಯ ಕಾಲನ್ನೇ ನೋಡುತ್ತ ಹೇಳಿದಳು.

“ಉಸಿರೇ. ತೆಗೆದ್ಹಾಕು.”

ಚಿಕ್ಕವಳು ಆ ತುಣುಕನ್ನು ಇನ್ನೊಮ್ಮೆ ಕೇಳಿ, ಆಮೇಲೆ ಹಾಗೇ ಬರೆದಳು.

ಮರುದಿನ ಹಾಡುಗಳೆಲ್ಲ ಬಾಲ ಕತ್ತರಿಸಿದಂತೆ ಹೊರಬಂದವು. ಹಾಡಿಸಿದವರು ಫೋನು ಮಾಡಿ ಯಜಮಾನನ ಮಾನ ತೆಗೆದರು. ಅವನು ಸೀದಾ ಬಂದು ಚಿಕ್ಕವಳು ಕೂತಿದ್ದ ಕುರ್ಚಿಯನ್ನು ಹಿಂದಿನಿಂದ ಎಳೆದ. ಅವಳು ದೊಪ್ಪನೆ ಬಿದ್ದಳು. ವಾದ್ಯ ನುಡಿಸಲು ಬಂದಿದ್ದವರು ಬೇರೆ ಕಡೆ ನೋಡಿದರು.

“ಹಲ್ಕಾ ಮುಂಡೆ, ತಲೆ ಮೇಲೆ ಕೂರಿಸ್ಕೊಂಡೆ ನಿನ್ನ. ತಗೋ ಬಕೆಟ್ಟು.” ಆಮೇಲೆ ದೊಡ್ಡವಳ ಕಡೆ ತಿರುಗಿ, “ಏಯ್, ಬಾ. ಈ ಕುರ್ಚಿ ನಿಂದು. ಅದನ್ನ ಸರಿ ಮಾಡು. ಸಂಜೆ ಗುಂಡಿ ಕೊಳ್ಳೋರು ಬರ್ತಾರೆ. ಮಾರಾಟ ಆದ್ರೆ ಹಿಂದಿನ ಕೋಣೆಯೋರನ್ನೆಲ್ಲ ಕಳಿಸ್ಬಿಡ್ತೀನಿ, ನೀನೊಬ್ಳು ಇರು. ಬರೆದಿದ್ದು ನನ್ನ ಮಗ, ತಿಳೀತಾ? ಯಾರಾದ್ರೂ ಕೇಳಿದ್ರೆ ಬಾಯಿ ಬಿಡಬೇಡ.”

ದೊಡ್ಡವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಆಯಿತು. ಕುರ್ಚಿಯಲ್ಲಿ ಕೂತು ಬೆನ್ನು ಆನಿಸಿದಳು. ಅತ್ತೆಗೆ ಯಾವ ಮಾತಿನಿಂದ ಸುದ್ದಿ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಾಗ ಕೆಳಗಿನಿಂದ ದನಿ ಕೇಳಿತು.

“ಅಕ್ಕ, ಕಾಲೆತ್ತು.”

ಚಿಕ್ಕವಳು ಒದ್ದೆ ಬಟ್ಟೆ ಹಿಡಿದು ಕುರ್ಚಿಯಡಿಗೆ ಬಗ್ಗಿದ್ದಳು. ಬಿದ್ದ ಮೊಣಕೈ ಕೆಂಪಾಗಿತ್ತು. ದೊಡ್ಡವಳು ಕಾಲೆತ್ತಿದಳು.

“ಅದು ಉಸಿರಲ್ಲ, ಹಾಡು ಅಂತ ನಂಗೂ ಗೊತ್ತಿತ್ತು,” ಎಂದಳು ಚಿಕ್ಕವಳು, ತಲೆಯೆತ್ತದೆ. “ನೀನು ಹೇಳಿದ್ಯಲ್ಲ, ಅಕ್ಕ ಹೇಳಿದ್ಮೇಲೆ ಮುಗೀತು ಅಂತ ಬರೆದೆ. ಹಿಂದಿನ ಕೋಣೆಯೋರ್ಗೆ ಬೇಗ ಮನೆಗೆ ಹೋಗೋಕಾಗ್ಲಿ ಅಂತ ಗುಂಡಿ ಮಾಡಿದ್ದು. ಆ ಬೋಳಿಮಗ ಹಿಂಗೆ ಮಾಡ್ತಾನೆ ಅಂತ ನಂಗೇನ್ ಗೊತ್ತು.”

ಅವಳು ಬಕೆಟ್ಟು ಸರಿಸಿಕೊಂಡು ಮುಂದೆ ಹೋದಳು. ದೊಡ್ಡವಳಿಗೆ ಇಳಿಯಬೇಕಿದ್ದ ಉರಿ ಇನ್ನಷ್ಟು ಏರಿತು. ಬಿದ್ದಮೇಲೂ ಇವಳೇ ಮೇಲಾದಳಲ್ಲ. ನಾಲ್ಕು ಬೈಗುಳ ಬೈದಿದ್ದರೂ ಲೆಕ್ಕ ಸರಿಹೋಗುತ್ತಿತ್ತು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದೇ ದೊಡ್ಡವಳಿಗೆ ತೋಚಲಿಲ್ಲ. ಒದ್ದೆ ನೆಲ ಆರುವತನಕ ಅವಳು ಪರದೆಯ ಮೇಲಿನ ಸಾಲುಗಳನ್ನೇ ನೋಡುತ್ತ ಕೂತಳು. ಆಮೇಲೆ ಮೊದಲೆರಡು ಸಾಲುಗಳ ಆಜ್ಞೆಗಳನ್ನು ಅದಲುಬದಲು ಮಾಡಿದಳು. ಹಾಡು, ಬಿಸಾಕು. ಉಸಿರು, ಇಟ್ಕೋ. ಸದ್ದು ಏರಿಸುವ ಸಾಲನ್ನು ಮುಟ್ಟಲಿಲ್ಲ.

ಸಂಜೆ ಕೊಳ್ಳುವವರು ಬಂದು ಸೋಫಾದಲ್ಲಿ ಕೂತರು. ಯಜಮಾನ ತನ್ನ ಮಗ ಹಾಡಿದ್ದ ಹಾಡನ್ನೇ ಮಾದರಿಗೆ ಆರಿಸಿದ್ದ. ಮಗರಾಯ ಕಾಲಮೇಲೆ ಕಾಲು ಹಾಕಿಕೊಂಡು, ಸ್ಕ್ರಿಪ್ಟ್ ಬರೆಯಲು ತಾನು ಪಟ್ಟ ಕಷ್ಟ ವಿವರಿಸಿದ. ಚಿಕ್ಕವಳು ಮೂಲೆಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಹಿಂದಿನ ಕೋಣೆಯ ಹೆಂಗಸರು ಬಾಗಿಲಾಚೆ ಗುಂಪುಗೂಡಿದ್ದರು.

“ಒತ್ತು,” ಎಂದ ಯಜಮಾನ.

ದೊಡ್ಡವಳು ಒತ್ತಿದಳು.

ವಾದ್ಯ ನುಡಿಯಿತು. ಹಾಡು ಬರಬೇಕಾದಲ್ಲಿ, ಆ ದೊಡ್ಡ ಸ್ಪೀಕರುಗಳಲ್ಲಿ, ಯಜಮಾನನ ಮಗ ಏದುಸಿರು ಬಿಟ್ಟ. ಎಂಜಲು ನುಂಗಿದ. ತುಟಿ ಚಪ್ಪರಿಸಿದ. ಮೂಗು ಎಳೆದ. ಇವರು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಒರೆಸಿದ ಕೊಳಕೆಲ್ಲ ಕೋಣೆಯ ತುಂಬ ಬಂತು. ಕೊಳ್ಳಲು ಬಂದವರಲ್ಲಿ ಒಬ್ಬ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದ. ಬಾಗಿಲಾಚೆ ಯಾರೋ ಕಿಸಕ್ಕನೆ ನಕ್ಕರು.

“ನಿಲ್ಸೇ ಅದನ್ನ. ಯಾವಳೇ ಇದು ಮಾಡಿದ್ದು?” ಯಜಮಾನನ ಕೈ ಮೇಲೆದ್ದಿತ್ತು.

“ನಾನು,” ಎಂದಳು ಚಿಕ್ಕವಳು, ಬಕೆಟ್ಟು ಕೆಳಗಿಟ್ಟು.

ಬಾಗಿಲಾಚೆಯ ಹೆಂಗಸರೆಲ್ಲ ಅವಳನ್ನು ನೋಡಿದರು. ಅವರು ಯಾರನ್ನೂ ಹಾಗೆ ನೋಡಿದ್ದನ್ನು ದೊಡ್ಡವಳು ಕಂಡಿರಲಿಲ್ಲ. ಅವಳ ಹೊಟ್ಟೆಯಲ್ಲಿ ಹಳೆಯ ಬೆಂಕಿ ಧಗ್ಗನೆ ಹತ್ತಿತು. ಇದನ್ನೂ ಇವಳೇ ಹೊಡೆದುಕೊಳ್ಳುವುದೇ?

“ಸುಳ್ಳು,” ಎಂದಳು ದೊಡ್ಡವಳು. ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದು, ಯಜಮಾನನಿಗೂ ಚಿಕ್ಕವಳಿಗೂ ನಡುವೆ ಬಂದು ನಿಂತಳು. “ಅವಳಿಗೆಲ್ಲಿ ಬರ್ಬೇಕು ಇದು. ನಾನು ಮಾಡಿದ್ದು. ಹೊಡಿಯೋದಾದ್ರೆ ನನ್ನ ಹೊಡಿ, ನೋಡೋಣ.”

ಸ್ಪೀಕರಿನಲ್ಲಿ ಮಗರಾಯ ಇನ್ನೂ ಉಸಿರು ಎಳೆಯುತ್ತಲೇ ಇದ್ದ. ಯಾರೂ ನಿಲ್ಲಿಸಲಿಲ್ಲ.