ಅತ್ತೆಗೊಂದು ಪ್ಲೇಯರ್

ಊರ್ಮಿಳಾಳ ಗಂಡ ಶ್ರೀಕರನಿಗೆ ಬದನೆಕಾಯಿ ಕೊಳ್ಳುವುದಕ್ಕೂ ರಿವ್ಯೂ ಓದಬೇಕು. ಅಂಥವನಿಗೆ ಅತ್ತೆಗಾಗಿ ಮ್ಯೂಸಿಕ್ ಪ್ಲೇಯರ್ ಆರಿಸುವ ಕೆಲಸ ಸಿಕ್ಕಿತು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು.

ಅತ್ತೆ ಲೀಲಮ್ಮ ಮೈಸೂರಿನಿಂದ ನೆದರ್ಲೆಂಡ್ಸಿನ ಹಾರ್ಲೆಮ್‌ಗೆ ಮಗಳ ಮನೆ ನೋಡಲು ಬಂದವರು ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡಿದ್ದರು. ಗೌರಿ ಹಬ್ಬಕ್ಕೆ ಎರಡು ತಿಂಗಳಿತ್ತು. ಅವರೂ ತಂಗಿ ರಾಜಮ್ಮನೂ ಪ್ರತಿ ವರ್ಷ ಗೌರಿಯ ಮುಂದೆ ಕೂತು, ತಂಗಿ ಒಂದು ಸಾಲು ಅಕ್ಕ ಒಂದು ಸಾಲು, ಆರತಿ ಹಾಡು ಹೇಳುತ್ತಿದ್ದವರು. ಒಂದು ವರ್ಷವೂ ತಪ್ಪಿಸಿರಲಿಲ್ಲ. ವೀಡಿಯೋ ಕಾಲಿನಲ್ಲಿ ದನಿ ತಡವಾಗಿ ತಲುಪಿ ಹಾಡು ಹಳಿ ತಪ್ಪುತ್ತಿತ್ತು. ಕೊನೆಗೆ ರಾಜಮ್ಮ ತಮ್ಮ ಸಾಲುಗಳನ್ನಷ್ಟೇ ಹಾಡಿ, ಅಕ್ಕನ ಸಾಲಿನ ಹೊತ್ತಿಗೆ ಸುಮ್ಮನಿದ್ದು, ರೆಕಾರ್ಡ್ ಮಾಡಿ ಊರ್ಮಿಳಾಳ ಫೋನಿಗೆ ಕಳಿಸಿದರು. ದಿನಾ ಅದರ ಜೊತೆ ಹಾಡಿಕೊಳ್ಳಬೇಕೆಂದು ಲೀಲಮ್ಮನ ಆಸೆ.

"ಫೋನ್ ನಂಗೆ ಆಫೀಸಿಗೆ ಬೇಕಮ್ಮ. ನಿಂಗೊಂದು ಪುಟ್ಟ ಪ್ಲೇಯರ್ ತರಿಸ್ತೀವಿ," ಎಂದಳು ಊರ್ಮಿಳಾ.

ಹೇಗ್ ನಗರದ ಇಂಡಿಯನ್ ಅಂಗಡಿಯಲ್ಲಿ ಗುಂಡಿ ಒತ್ತಿದರೆ ಹಾಡುವ ಡಬ್ಬಿಯೊಂದಿತ್ತು. ಶ್ರೀಕರ ಮೂಗು ಮುರಿದ. "ಅದ್ರ ಸೌಂಡ್ ಕೇಳಿದ್ರೆ ಕಿವಿಗೇ ಅವಮಾನ ಕಣೆ."

ಆಮೇಲೆ ಶುರುವಾಯಿತು ಸಾಹೇಬರ ಸಂಶೋಧನೆ. ಕಂಡಕಂಡವರ ವೀಡಿಯೋ ನೋಡಿದ್ದೇ ನೋಡಿದ್ದು. ಎರಡು ಪ್ಲೇಯರ್ ಬಂದವು, ಎರಡೂ ವಾಪಸ್ ಹೋದವು. ಒಂದರ ಬಾಸ್ ಮಸುಕಂತೆ, ಇನ್ನೊಂದರ ಬಟನ್ನಿಗೆ ವ್ಯಕ್ತಿತ್ವವಿಲ್ಲವಂತೆ! ಬಟನ್ನಿಗೆ ವ್ಯಕ್ತಿತ್ವ ಹುಡುಕುವವನನ್ನು ಕಟ್ಟಿಕೊಂಡೆನಲ್ಲ ಎಂದು ಊರ್ಮಿಳಾ ಗೆಳತಿಯರ ಮುಂದೆಲ್ಲ ಆಡಿಕೊಂಡು ನಕ್ಕಳು. ಲೀಲಮ್ಮ ಮಾತ್ರ, "ಬಂತಾ?" ಎಂದು ಕೇಳುವುದನ್ನೂ ಬಿಟ್ಟರು.

ಮೂರನೆಯದು ಹಬ್ಬದ ಹಿಂದಿನ ದಿನ ಬಂತು. ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಅರಿಸಿನದ ಗೌರಿ ಕೂತಳು. ಲೀಲಮ್ಮ ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿದರು. ಶ್ರೀಕರ ಉದ್ಘಾಟನೆಗೆ ಬಂದ ಮಂತ್ರಿಯಂತೆ ಗುಂಡಿ ಒತ್ತಿದ.

ರಾಜಮ್ಮನ ಸಾಲು ಮುಗಿಯಿತು. ಲೀಲಮ್ಮ ಬಾಯಿ ತೆರೆಯುವಷ್ಟರಲ್ಲಿ ರಾಜಮ್ಮನ ಮುಂದಿನ ಸಾಲು ಮೈಮೇಲೆ ಬಂತು. ಅದರ ಹಿಂದೆಯೇ ಇನ್ನೊಂದು. ಓಡಿ ಹಿಡಿಯಲು ನೋಡಿ, ಸೋತು, ಲೀಲಮ್ಮ ನಿಲ್ಲಿಸಿಬಿಟ್ಟರು.

"ಸೈಲೆನ್ಸ್ ಬಂದ್ರೆ ತಾನೇ ಹಾರಿಸಿಬಿಡತ್ತೆ ಅತ್ತೆ, ಅದಕ್ಕೇ ಇದನ್ನ ಆರಿಸಿದ್ದು," ಎಂದ ಶ್ರೀಕರ ಹೆಮ್ಮೆಯಿಂದ. "ಎಷ್ಟು ಟೈಮ್ ಉಳಿಯತ್ತೆ ಗೊತ್ತಾ?"

"ಅದು ನನ್ನ ಪಾಲಿನ ಜಾಗ ಅಳಿಯಂದ್ರೇ. ಅದನ್ನೇ ಹಾರಿಸಿದ್ರೆ ನಾನೆಲ್ಲಿ ಹಾಡಲಿ?"

ಶ್ರೀಕರ ಸೆಟ್ಟಿಂಗ್ಸ್ ಒಳಗೆ ತಡಕಾಡತೊಡಗಿದ. ಊರ್ಮಿಳಾಳಿಗೆ ಮೈ ಉರಿದುಹೋಯಿತು. "ಈ ಹಾಡನ್ನ ಒಂದ್ಸಲನಾದ್ರೂ ಪೂರ್ತಿ ಕೇಳಿದ್ಯಾ ನೀನು?"

ಅವನು ಕೇಳಿರಲಿಲ್ಲ. ಅವನು ಕೇಳಿದ್ದೆಲ್ಲ ಪ್ಲೇಯರ್‌ಗಳನ್ನು.

ಊರ್ಮಿಳಾ ತನ್ನ ಫೋನನ್ನೇ ಗೌರಿಯ ಪಕ್ಕ ಇಟ್ಟು ಹಾಡು ಹಾಕಿದಳು. ರಾಜಮ್ಮ ಒಂದು ಸಾಲು ಹಾಡಿ ಸುಮ್ಮನಾದರು. ಲೀಲಮ್ಮ ಉಸಿರೆಳೆದುಕೊಂಡರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು: ಆಫೀಸಿನ ಕಾಲ್. ಅಭ್ಯಾಸಬಲದಿಂದ ಊರ್ಮಿಳಾಳ ಕೈ ತಾನಾಗಿಯೇ ಅದನ್ನೆತ್ತಿಕೊಂಡಿತು.

ಎತ್ತಿಕೊಂಡ ಮೇಲೆ ಅವಳಿಗೆ ನಾಚಿಕೆಯಾಯಿತು. ದಿನಕ್ಕೆ ಕಾಲು ಗಂಟೆ ಈ ಫೋನನ್ನು ಅಮ್ಮನಿಗೆ ಕೊಟ್ಟಿದ್ದರೆ ಪ್ಲೇಯರೇ ಬೇಕಿರಲಿಲ್ಲ.

ಲೀಲಮ್ಮ ಆರತಿ ತಟ್ಟೆ ಕೆಳಗಿಟ್ಟರು.

"ಮಾತಾಡ್ಕೊಂಡು ಬಾಮ್ಮ," ಎಂದರು, "ನಂಗೆ ಕಾಯೋದು ರೂಢಿಯಾಗಿದೆ."