ಗಾಜಿನಕ್ಕನ ಎರಡನೆಯ ಕಾರ್ಡು

ಬ್ಯಾಂಕಿನಲ್ಲಿ ಅವಳು ಕುಳಿತು ಐದು ನಿಮಿಷವೂ ಆಗಿರಲಿಲ್ಲ. ಸಾಲ ವಿಭಾಗದ ಅಧಿಕಾರಿ ಅರ್ಜಿಯನ್ನು ತಿರುವಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿ, “ನಿಮ್ಮ ಕ್ರೆಡಿಟ್ ಸ್ಕೋರ್ ತುಂಬಾ ಕಮ್ಮಿ ಇದೆಯಮ್ಮ. ಸಾಲ ಆಗಲ್ಲ” ಎಂದರು. ಯಾಕೆ ಕಮ್ಮಿ ಎಂದು ಕೇಳಿದ್ದಕ್ಕೆ ಹಳೆಯ ಕಾರ್ಡಿನ ಬಾಕಿ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಅವಳು ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಎದ್ದಳು.

ಬೀದಿಯವರೆಲ್ಲ ಅವಳನ್ನು ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದಿಂದ ಒಂದೇ ಕನ್ನಡಕದಂಗಡಿಯಲ್ಲಿ ಅವಳ ಕೆಲಸ. ಹಿಂಬದಿಯ ಕಿರುಕೋಣೆಯಲ್ಲಿ, ನೀರು ಜಿನುಗುವ ಕಲ್ಲುಚಕ್ರದ ಮುಂದೆ ಕುಳಿತು, ಫ್ರೇಮಿಗೆ ಸರಿಯಾಗಿ ಗಾಜಿನ ಅಂಚು ಉಜ್ಜಿ ಕೂರಿಸುವುದು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆಸುತ್ತು ಬರುತ್ತದೆ. ಅವಳ ಕೈಯಿಂದ ಹೋದ ಕನ್ನಡಕ ವಾಪಸು ಬಂದದ್ದು ಅಪರೂಪ.

ಅಂಗಡಿಯ ಯಜಮಾನರಿಗೆ ವಯಸ್ಸಾಗಿತ್ತು. ಮುಂದಿನ ವರ್ಷ ಅಂಗಡಿ ಬಿಟ್ಟು ಮಗಳ ಊರಿಗೆ ಹೋಗುವುದೆಂದು ನಿರ್ಧರಿಸಿದ್ದರು. ಪಕ್ಕದ ಮೊಬೈಲ್ ಅಂಗಡಿಯವನು ಜಾಗಕ್ಕಾಗಿ ದಿನಾ ಬಾಗಿಲಿಗೆ ಬರುತ್ತಿದ್ದ. ಆದರೂ ಯಜಮಾನರು ಮೊದಲು ಅವಳನ್ನೇ ಕರೆದು ಕೇಳಿದ್ದರು. ಯಂತ್ರ, ಸಾಮಾನು, ಬಾಡಿಗೆ ಕರಾರು ಎಲ್ಲ ಸೇರಿ ಒಂದು ಮೊತ್ತ. ಒಂದು ವರ್ಷ ಕಾಯುತ್ತೇನೆ, ಅಷ್ಟರಲ್ಲಿ ಹೊಂದಿಸಿಕೊಂಡರೆ ಅಂಗಡಿ ನಿನ್ನದು ಎಂದಿದ್ದರು. ಸಾಲ ಸಿಕ್ಕೇ ಸಿಗುತ್ತದೆಂದು ನಂಬಿ ಅವಳು ಬ್ಯಾಂಕಿಗೆ ಹೋಗಿದ್ದಳು.

ಆ ಹಳೆಯ ಕಾರ್ಡಿನ ಕಥೆಯನ್ನು ಅವಳು ಮರೆತಿರಲಿಲ್ಲ. ಆರು ವರ್ಷದ ಹಿಂದೆ ಗಂಡನ ಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆಯಿತು. ಸ್ವಂತ ವ್ಯಾನನ್ನು ಶಾಲೆಗೆ ಓಡಿಸುವ ಅವನು ನಾಲ್ಕು ತಿಂಗಳು ಮನೆಯಲ್ಲೇ ಉಳಿದ. ಆಸ್ಪತ್ರೆಯ ಬಿಲ್ಲನ್ನು ಅವಳು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದಳು. ಆಮೇಲೆ ತಿಂಗಳು ತಿಂಗಳು ಬಿಲ್ಲಿನ ಮೂಲೆಯಲ್ಲಿ ಬರೆದಿದ್ದ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದಳು. ಬಡ್ಡಿಗೆ ಬಡ್ಡಿ ಸೇರಿ ಅಸಲಿಗಿಂತ ದೊಡ್ಡದಾಯಿತು. ಕೊನೆಗೆ ಕೈಚೆಲ್ಲಿ ಕಟ್ಟುವುದನ್ನೇ ನಿಲ್ಲಿಸಿದಳು. ವಸೂಲಿಯವರು ಫೋನು ಮಾಡಿ ಮಾಡಿ, ಇಷ್ಟು ಕೊಟ್ಟರೆ ಸಾಕು, ಉಳಿದದ್ದು ಬಿಡುತ್ತೇವೆ ಎಂದರು. ಕೈಸಾಲ ಮಾಡಿ ಅದನ್ನು ಕೊಟ್ಟು, ಕತ್ತರಿಯಿಂದ ಕಾರ್ಡನ್ನು ನಾಲ್ಕು ಚೂರು ಮಾಡಿ ಎಸೆದಳು. ಪೀಡೆ ತೊಲಗಿತೆಂದೇ ಅಂದುಕೊಂಡಿದ್ದಳು. ಪೂರ್ತಿ ಕಟ್ಟದೆ ರಾಜಿಯಾದದ್ದು ದಾಖಲೆಯಲ್ಲಿ ಉಳಿಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬ್ಯಾಂಕಿನಿಂದ ಬಂದ ಮೇಲೆ ಅವಳಿಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಮಡಚಿದ ಬಟ್ಟೆಯನ್ನೇ ಮತ್ತೆ ಮಡಚಿದಳು. ಒಲೆ ಆರಿಸಿದ್ದೇನೆಯೋ ಇಲ್ಲವೋ ಎಂದು ಅರ್ಧ ಬೀದಿಯಿಂದ ವಾಪಸು ಬಂದಳು. ಅದೇ ವಾರ ಅಂಗಡಿಯಲ್ಲಿ ಒಂದು ಗಾಜನ್ನು ಅಡ್ಡಲಾಗಿ ಕೂರಿಸಿಬಿಟ್ಟಳು. ಯಜಮಾನರು ಹೊಸ ಗಾಜು ತೆಗೆದುಕೊಟ್ಟರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಗಂಡ, ನಮ್ಮ ಹಣೆಯಲ್ಲಿ ಅಂಗಡಿ ಬರೆದಿಲ್ಲ, ಬಿಟ್ಟುಹಾಕು ಎಂದ. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಚಡಪಡಿಕೆಯಾಯಿತು.

ಆಗ ಒಂದು ಫೋನು ಬಂತು. ನಯವಾದ ದನಿಯ ಒಬ್ಬ, ನಿಮ್ಮ ಕೆಟ್ಟ ದಾಖಲೆಯನ್ನು ಹದಿನೈದು ದಿನದಲ್ಲಿ ಅಳಿಸಿಕೊಡುತ್ತೇನೆ, ಐದು ಸಾವಿರ ಕಳಿಸಿ ಎಂದ. ಅವಳು ಒಪ್ಪಿದಳು. ಮನೆಯ ಮೆಟ್ಟಿಲ ಮೇಲೆ ಕುಳಿತು ಹಣ ಕಳಿಸಲು ಹೊರಟಿದ್ದಾಗ ಕೆಳಮನೆಯ ಕಂಡಕ್ಟರಮ್ಮ ಬೆಳಗಿನ ಪಾಳಿ ಮುಗಿಸಿ ಬಂದಳು. ಮೆಟ್ಟಿಲಿಗೆ ಕಾವಲು ಕೂತಿದ್ದೀಯಾ ಎಂದು ತಮಾಷೆ ಮಾಡಿದವಳು ಅವಳ ಮುಖ ನೋಡಿ ಪಕ್ಕದಲ್ಲೇ ಕುಳಿತಳು. ಗಾಜಿನಕ್ಕ ಎಲ್ಲ ಹೇಳಿದಳು.

“ಅಳಿಸೋದಕ್ಕೆ ಅದೇನು ಸ್ಲೇಟಾ?” ಎಂದಳು ಕಂಡಕ್ಟರಮ್ಮ. “ನಿಜವಾಗಿ ನಡೆದಿದ್ದನ್ನ ದುಡ್ಡು ಕೊಟ್ಟು ಯಾರೂ ಅಳಿಸೋಕಾಗಲ್ಲ. ತಪ್ಪಾಗಿ ಬರೆದಿದ್ರೆ ನೀನೇ ದೂರು ಕೊಟ್ಟು ತಿದ್ದಿಸಬಹುದು. ಇವನು ಅಳಿಸೋದು ನಿನ್ನ ಐದು ಸಾವಿರಾನ ಮಾತ್ರ.”

ಗಾಜಿನಕ್ಕ ಫೋನನ್ನು ಮಡಿಲಿಗೆ ಹಾಕಿಕೊಂಡಳು. ಆಮೇಲೆ ಕಂಡಕ್ಟರಮ್ಮ ತನ್ನ ಕಥೆ ಹೇಳಿದಳು. ತಮ್ಮನ ಬೈಕಿನ ಸಾಲಕ್ಕೆ ಜಾಮೀನು ನಿಂತು, ಅವನು ಕಟ್ಟದೆ, ತನ್ನ ಹೆಸರೇ ಕೆಟ್ಟು ಕೂತಿತ್ತಂತೆ. ಯಾವ ಬ್ಯಾಂಕೂ ಹತ್ತಿರ ಸೇರಿಸಲಿಲ್ಲವಂತೆ. ಠೇವಣಿ ಇಟ್ಟು ಪಡೆಯುವ ಒಂದು ಬಗೆಯ ಕ್ರೆಡಿಟ್ ಕಾರ್ಡಿನಿಂದ ಒಂದೂವರೆ ವರ್ಷದಲ್ಲಿ ಸುಧಾರಿಸಿಕೊಂಡಳಂತೆ.

ಕಾರ್ಡು ಎಂಬ ಮಾತು ಕಿವಿಗೆ ಬಿದ್ದದ್ದೇ ಗಾಜಿನಕ್ಕ ಎದ್ದು ನಿಂತಳು. ಆ ಹೆಸರು ನನ್ನ ಮುಂದೆ ಎತ್ತಬೇಡ ಎಂದಳು. ಆದರೂ ಸಂಜೆ ಅವಳೇ ಕಂಡಕ್ಟರಮ್ಮನನ್ನು ಮನೆಗೆ ಕರೆದಳು. ಗಂಡ ಊಟದ ತಟ್ಟೆ ಸರಿಸಿ ವಾದಕ್ಕೆ ಕುಳಿತ.

“ನಮ್ಮ ದುಡ್ಡು ನಾವೇ ಇಟ್ಟು, ಅದರ ಮೇಲೆ ನಾವೇ ಸಾಲ ತಗೊಂಡು, ಮತ್ತೆ ನಾವೇ ಕಟ್ಟೋದು. ಇದು ನನ್ನ ತಲೆಗೇ ಹೋಗ್ತಿಲ್ಲ. ಇಡೋಕೆ ದುಡ್ಡಿದ್ದವರಿಗೆ ಕಾರ್ಡು ಯಾಕೆ?”

“ದುಡ್ಡಿಗೋಸ್ಕರ ಅಲ್ಲಣ್ಣ, ಸಾಕ್ಷಿಗೋಸ್ಕರ. ನೀನು ಶಾಲೆಗೆ ಸೇರಿದಾಗ ಮೊದಲನೇ ದಿನವೇ ಮಕ್ಕಳನ್ನ ಹತ್ತಿಸಿದ್ರಾ?”

“ಇಲ್ಲ. ಹದಿನೈದು ದಿನ ಖಾಲಿ ವ್ಯಾನ್ ಓಡಿಸಿ ನೋಡಿದ್ರು.”

“ಇದೂ ಅಷ್ಟೇ. ಬ್ಯಾಂಕಿನವರು ನಿಮ್ಮ ಕೈಯಲ್ಲಿ ಖಾಲಿ ವ್ಯಾನ್ ಓಡಿಸಿ ನೋಡ್ತಾರೆ. ನೀವು ಕಟ್ಟದೇ ಹೋದ್ರೆ ಠೇವಣಿಯಲ್ಲಿ ಮುರ್ಕೊಳ್ತಾರೆ, ಅವರಿಗೆ ಭಯ ಇಲ್ಲ. ಅದಕ್ಕೇ ಹೆಸರು ಕೆಟ್ಟವರಿಗೂ ಕೊಡ್ತಾರೆ. ನೀವು ಹೊತ್ತಿಗೆ ಸರಿಯಾಗಿ ಕಟ್ಟಿದ್ರೆ, ಸಾಲದ ದಾಖಲೆ ಇಡೋ ಸಂಸ್ಥೆಗೆ ಪ್ರತಿ ತಿಂಗಳೂ ಆ ವಿಷಯ ಹೋಗುತ್ತೆ. ಒಳ್ಳೇ ತಿಂಗಳುಗಳು ಒಂದರ ಮೇಲೊಂದು ಸೇರ್ತಾ ಹೋಗುತ್ವೆ.”

ಗಂಡ ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅಷ್ಟು ಸಾಕಾಯಿತು ಗಾಜಿನಕ್ಕನಿಗೆ.

ಮೊದಲು ಅವಳು ತನ್ನ ಕ್ರೆಡಿಟ್ ವರದಿಯನ್ನು ತರಿಸಿಕೊಂಡು ನೋಡಿದಳು. ಅದಕ್ಕೆ ಹಣ ಬೇಕಾಗಲಿಲ್ಲ. ಹಳೆಯ ಕಾರ್ಡಿನ ಎದುರಿಗೆ ರಾಜಿಯಾಗಿದೆ ಎಂದು ಬರೆದಿತ್ತು. ಆ ಕಾರ್ಡು ಕೊಟ್ಟಿದ್ದ ಬ್ಯಾಂಕಿಗೆ ಹೋಗಿ, ರಾಜಿಯಲ್ಲಿ ಬಿಟ್ಟಿದ್ದ ಮೊತ್ತ ಎಷ್ಟೆಂದು ವಿಚಾರಿಸಿದಳು; ಹತ್ತು ಸಾವಿರ ಎಂದರು. ನೇತ್ರ ತಪಾಸಣೆಯ ಶಿಬಿರಗಳಲ್ಲಿ ರಜೆಯ ದಿನವೂ ದುಡಿದು ಕೂಡಿಟ್ಟ ಮೂವತ್ತು ಸಾವಿರ ಅವಳ ಬಳಿ ಇತ್ತು. ಅದರಲ್ಲಿ ಆ ಹತ್ತು ಸಾವಿರ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಬರೆಸಿಕೊಂಡಳು. ದಾಖಲೆಯಲ್ಲೂ ತಿದ್ದಿಸುವಂತೆ ಅರ್ಜಿ ಕೊಟ್ಟಳು. ಉಳಿದ ಇಪ್ಪತ್ತು ಸಾವಿರವನ್ನು ತನ್ನ ಬ್ಯಾಂಕಿನಲ್ಲಿ ಠೇವಣಿ ಇಟ್ಟಳು. ಠೇವಣಿಗೆ ಬಡ್ಡಿ ಬರುತ್ತದೆ, ಆದರೆ ಕಾರ್ಡು ಇರುವವರೆಗೆ ತೆಗೆಯುವಂತಿಲ್ಲ ಎಂದು ಅಲ್ಲಿಯವರು ಮೊದಲೇ ತಿಳಿಸಿದರು. ವರ್ಷದ ಶುಲ್ಕವೆಷ್ಟು, ತಿಂಗಳು ತಿಂಗಳು ವರದಿ ಕಳಿಸುತ್ತೀರಾ ಎಂದು ಕಂಡಕ್ಟರಮ್ಮ ಹೇಳಿಕೊಟ್ಟ ಹಾಗೆ ಕೇಳಿದಳು. ಎರಡು ವಾರದಲ್ಲಿ ಹದಿನೆಂಟು ಸಾವಿರದ ಮಿತಿಯ ಕಾರ್ಡು ಬಂತು.

ಲಕೋಟೆ ಒಡೆಯಲು ಅವಳಿಗೆ ಮೂರು ದಿನ ಬೇಕಾಯಿತು.

ಕಾರ್ಡಿನಲ್ಲಿ ಕಟ್ಟಿದ್ದು ಮನೆಯ ವಿದ್ಯುತ್ ಬಿಲ್ಲು ಮತ್ತು ಮಗಳ ಬಸ್ ಪಾಸು, ಅಷ್ಟೇ. ಆ ಹಣವನ್ನು ಕಟ್ಟಿದ ದಿನವೇ ಬೇರೆ ತೆಗೆದಿಡುತ್ತಿದ್ದಳು. ಬಿಲ್ಲು ಬಂದ ಮಾರನೆಯ ದಿನ ಪೂರ್ತಿ ಕಟ್ಟುತ್ತಿದ್ದಳು. ಆದರೂ ನೆಮ್ಮದಿಯಿಲ್ಲ. ಹಣ ತಲುಪಿತೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಫೋನು ತೆರೆದು ನೋಡುವಳು. ಒಮ್ಮೆ ಅನುಮಾನದಲ್ಲಿ ಎರಡೆರಡು ಸಲ ಕಟ್ಟಿದಳು. ಕಂಡಕ್ಟರಮ್ಮ ನಕ್ಕು, ಎರಡು ಟಿಕೆಟ್ ತಗೊಂಡ್ರೆ ಬಸ್ಸು ಬೇಗ ಹೋಗಲ್ಲ ಎಂದಳು.

ನಾಲ್ಕನೆಯ ತಿಂಗಳು ವ್ಯಾನಿನ ಎರಡು ಟೈರು ಸವೆದುಹೋದವು. ಗಂಡ ಹೇಳದೆ ಕೇಳದೆ ಬೀರುವಿನಿಂದ ಕಾರ್ಡು ತೆಗೆದುಕೊಂಡು ಹೋಗಿ ಹದಿನಾರು ಸಾವಿರಕ್ಕೆ ಟೈರು ಹಾಕಿಸಿದ. ಬಿಲ್ಲು ಬಂದಾಗಲೇ ಅವಳಿಗೆ ಗೊತ್ತಾದದ್ದು. ಅವನು ತಲೆ ತಗ್ಗಿಸಿ, ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಎಂಟುನೂರು ಅಂತಿದೆಯಲ್ಲ, ಈ ತಿಂಗಳು ಅಷ್ಟೇ ಕಟ್ಟೋಣ ಎಂದ.

“ಹೋದ ಸಲಾನೂ ಶುರುವಾಗಿದ್ದು ಹೀಗೇ,” ಎಂದಳು ಅವಳು. ದನಿ ಏರಿಸಲಿಲ್ಲ. “ನಿನ್ನ ಕಾಲಿಗೋಸ್ಕರ ಕಟ್ಟಿದೆ, ಅದಕ್ಕೆ ನಂಗೆ ಬೇಜಾರಿಲ್ಲ. ಟೈರಿಗೋಸ್ಕರ ನನ್ನ ಅಂಗಡಿ ಬಿಡಲ್ಲ.”

ಕೊನೆಯ ದಿನಾಂಕಕ್ಕೆ ಹದಿನೆಂಟು ದಿನ ಉಳಿದಿತ್ತು. ಅವನು ಮಾರನೆಯ ದಿನದಿಂದ ಶಾಲೆ ಬಿಟ್ಟ ಮೇಲೆ ವ್ಯಾನಿನಲ್ಲಿ ಒಂದು ಗೋದಾಮಿನ ಸರಕು ಸಾಗಿಸಲು ಹೋದ. ಅವಳು ಯಜಮಾನರಲ್ಲಿ ಅರ್ಧ ತಿಂಗಳ ಸಂಬಳವನ್ನು ಮುಂಗಡವಾಗಿ ಕೇಳಿದಳು. ಕೊನೆಯ ಎರಡು ಸಾವಿರ ಕೈಸೇರಿದ್ದು ಕೊನೆಯ ದಿನದ ಬೆಳಿಗ್ಗೆ. ಫೋನಿನಲ್ಲಿ ಕಟ್ಟಲು ನೋಡಿದರೆ ಪರದೆಯ ಮೇಲಿನ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಅವಳು ಚಪ್ಪಲಿ ಮೆಟ್ಟಿದವಳೇ ಬ್ಯಾಂಕಿಗೆ ನಡೆದಳು, ಅರ್ಧ ದಾರಿ ಓಡಿದಳು. ಕೌಂಟರಿನ ಮುಂದೆ ಹನ್ನೊಂದು ಜನರಿದ್ದರು. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಗೋಡೆಯ ಗಡಿಯಾರ ನೋಡುತ್ತಲೇ ಇದ್ದಳು. ರಸೀದಿ ಕೈಗೆ ಬಂದಾಗ ಕೌಂಟರ್ ಮುಚ್ಚಲು ಇಪ್ಪತ್ತು ನಿಮಿಷವಿತ್ತು.

ಗಡುವು ತಪ್ಪಲಿಲ್ಲ. ಆದರೂ ಆ ತಿಂಗಳು ಸ್ಕೋರ್ ಏರುವ ಬದಲು ಸ್ವಲ್ಪ ಇಳಿಯಿತು. ಮಿತಿಯ ಬಹುಪಾಲನ್ನು ಒಂದೇ ಸಲ ಬಳಸಿದ್ದಕ್ಕೆ ಹಾಗೆ, ಕಾಲು ಭಾಗದೊಳಗೇ ಇರಬೇಕು, ಮುಂದಿನ ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದು ಕಂಡಕ್ಟರಮ್ಮ ಸಮಾಧಾನ ಹೇಳಿದಳು. ಆ ಭಾನುವಾರ ಗಂಡ ತಾನಾಗಿಯೇ ಫೋನು ಹಿಡಿದು ಕುಳಿತು, ಪ್ರತಿ ತಿಂಗಳ ಪೂರ್ತಿ ಬಿಲ್ಲು ಖಾತೆಯಿಂದ ತಂತಾನೇ ಹೋಗುವಂತೆ ವ್ಯವಸ್ಥೆ ಮಾಡಿದ. ಅದು ಸರಿಯಾಗಿದೆಯೇ ಎಂದು ಎರಡು ಸಲ ಅವಳಿಗೇ ತೋರಿಸಿದ.

ಮುಂದಿನ ತಿಂಗಳುಗಳು ಕಾಲೆಳೆದುಕೊಂಡು ಹೋದವು. ಸ್ಕೋರ್ ಒಮ್ಮೆ ಹನ್ನೆರಡು ಅಂಕ ಏರಿದರೆ ಇನ್ನೊಮ್ಮೆ ನಾಲ್ಕೇ. ಮೊಬೈಲ್ ಅಂಗಡಿಯವನು ಒಂದು ದಿನ ಟೇಪು ತಂದು ಅವಳ ಕಣ್ಣೆದುರೇ ಗೋಡೆ ಅಳೆದ. ಅವಳು ಒಳಗೆ ಹೋಗಿ ಚಕ್ರ ಚಾಲೂ ಮಾಡಿ, ಉಜ್ಜಲು ಏನೂ ಇಲ್ಲದಿದ್ದರೂ ಅದರ ಮುಂದೆ ಕುಳಿತಳು. ನಡುವೆ ಅವಸರಪಟ್ಟು ಎರಡು ಮೂರು ಬ್ಯಾಂಕುಗಳಿಗೆ ಅರ್ಜಿ ಹಾಕಲು ಹೊರಟಿದ್ದಳು. ಪ್ರತಿ ಅರ್ಜಿಯೂ ದಾಖಲೆಯಲ್ಲಿ ಬೀಳುತ್ತದೆ, ಸಾಲಕ್ಕೆ ಹಸಿದವರ ಹಾಗೆ ಕಾಣುತ್ತೀಯ ಎಂದು ಕಂಡಕ್ಟರಮ್ಮ ತಡೆದಳು.

ಯಜಮಾನರ ಗಡುವಿಗೆ ಇಪ್ಪತ್ತೈದು ದಿನ ಉಳಿದಾಗ ಸಾಲ ಆಗಲ್ಲ ಎಂದಿದ್ದ ಬ್ಯಾಂಕಿಗೇ ಅವಳು ಮತ್ತೆ ಹೋದಳು. ಈ ಸಲ ಗಂಡನೂ ಜೊತೆಗಿದ್ದ. ಅಧಿಕಾರಿ ಕಂಪ್ಯೂಟರಿನಲ್ಲಿ ನೋಡಿದರು. ಹಳೆಯ ಕಾರ್ಡಿನ ಎದುರಿಗೆ ಈಗ ಬಾಕಿ ತೀರಿದೆ ಎಂದಿತ್ತು. ಅದರ ಕೆಳಗೆ, ಹೊಸ ಕಾರ್ಡಿನಲ್ಲಿ ಒಂದೂ ತಪ್ಪದೆ ಕಟ್ಟಿದ ಹತ್ತು ತಿಂಗಳು. ಅವರು ಸಾಲು ಸಾಲಾಗಿ ಓದಿದರು. ಅವಳು ಮೇಜಿನ ಕೆಳಗೆ ಗಂಡನ ಕೈ ಹಿಡಿದುಕೊಂಡಿದ್ದಳು.

ಕೇಳಿದಷ್ಟೂ ಸಿಗಲಿಲ್ಲ. ಮುಕ್ಕಾಲು ಪಾಲು ಕೊಡುತ್ತೇವೆ, ಬಡ್ಡಿ ತುಸು ಹೆಚ್ಚು ಎಂದರು ಅಧಿಕಾರಿ. ಅವಳು ಕಂತು ಎಷ್ಟಾಗುತ್ತದೆ, ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಎಂದು ಬರೆಸಿಕೊಂಡು, ಅಲ್ಲೇ ಸಹಿ ಮಾಡದೆ ಮನೆಗೆ ತಂದು ಎರಡು ದಿನ ಲೆಕ್ಕ ಹಾಕಿದಳು. ಅಂಗಡಿಯ ದುಡಿಮೆಯಲ್ಲಿ ಕಟ್ಟಬಹುದು ಎನಿಸಿತು. ಉಳಿದ ಕಾಲು ಪಾಲಿನ ವಿಷಯವನ್ನು ಯಜಮಾನರಿಗೆ ಹೇಳಿದಾಗ ಅವರು, “ಎರಡು ವರ್ಷದಲ್ಲಿ ಕೊಡು. ನಿನ್ನ ಕೈಗೆ ಬಿಟ್ಟು ಹೋದ್ರೆ ನಂಗೆ ಅಲ್ಲಿ ನಿದ್ದೆ ಬರುತ್ತೆ” ಎಂದರು.

ಒಂದನೆಯ ತಾರೀಕು ಅವಳು ಅಂಗಡಿಯ ಬಾಗಿಲನ್ನು ತಾನೇ ಎತ್ತಿದಳು. ಮುಂದಿನ ಮೇಜಿನಲ್ಲಿ ಕೂರಬೇಕೋ ಹಿಂದಿನ ಕೋಣೆಯಲ್ಲಿ ಕೂರಬೇಕೋ ತಿಳಿಯದೆ ಅತ್ತಿಂದಿತ್ತ ಓಡಾಡಿದಳು. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು, ದಾರ ಪೋಣಿಸಲು ಕಾಣುತ್ತಿಲ್ಲ, ಯಜಮಾನರು ಯಾರು ಎಂದು ಕೇಳಿದಳು. ಗಾಜಿನಕ್ಕ ಕುರ್ಚಿ ಎಳೆದಳು.

“ನಾನೇ ಅಜ್ಜಿ,” ಎಂದಳು. “ಕೂತ್ಕೊಳ್ಳಿ.”

ಅಕ್ಕ, ಅಣ್ಣ, ಇದನ್ನು ಓದುತ್ತಿರುವ ಅಥವಾ ಯಾರೋ ಓದುವುದನ್ನು ಕೇಳುತ್ತಿರುವ ನಿಮ್ಮಲ್ಲೂ ಒಬ್ಬರಿಗೆ ಇಂಥ ಹಳೆಯ ಬಾಕಿ ಇರಬಹುದು. ನಾಚಿಕೆಯಿಂದ ಅದನ್ನು ಮುಚ್ಚಿಟ್ಟು ಕೂರಬೇಡಿ. ಮೊದಲು ನಿಮ್ಮ ಕ್ರೆಡಿಟ್ ವರದಿ ತರಿಸಿ ನೋಡಿ, ತಪ್ಪಿದ್ದರೆ ತಿದ್ದಿಸಿ, ಬಾಕಿಯಿದ್ದರೆ ತೀರಿಸಿ ಪತ್ರ ಪಡೆಯಿರಿ. ಅಳಿಸಿಕೊಡುತ್ತೇವೆ ಎನ್ನುವವರಿಗೆ ಒಂದು ಕಾಸನ್ನೂ ಕೊಡಬೇಡಿ. ಮನೆಗೆ ಸದ್ಯಕ್ಕೆ ಬೇಡವಾದ ಸ್ವಲ್ಪ ಹಣವಿದ್ದರೆ ಮಾತ್ರ ಠೇವಣಿ ಇಟ್ಟು ಕಾರ್ಡು ಪಡೆಯಿರಿ. ಊಟದ ಹಣವನ್ನು ಅದಕ್ಕೆ ಇಡಬೇಡಿ. ಹೇಗಿದ್ದರೂ ಕಟ್ಟಲೇಬೇಕಾದ ಒಂದು ಸಣ್ಣ ಬಿಲ್ಲಿಗೆ ಅದನ್ನು ಬಳಸಿ, ಗಡುವಿಗೆ ಮೊದಲೇ ಪೂರ್ತಿ ಕಟ್ಟಿ. ಕನಿಷ್ಠ ಮೊತ್ತವೆಂಬ ಸಾಲಿನ ಮೇಲೆ ಕಣ್ಣು ಹಾಯಿಸಲೇಬೇಡಿ, ಆ ಕಾರ್ಡಿನಿಂದ ನಗದು ತೆಗೆಯಬೇಡಿ. ಕಟ್ಟದೆ ಬಿಟ್ಟರೆ ಠೇವಣಿಯೂ ಹೋಗುತ್ತದೆ, ಹೆಸರೂ ಇನ್ನಷ್ಟು ಕೆಡುತ್ತದೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ನಡುವೆ ಮನಸ್ಸು ಚಡಪಡಿಸುತ್ತದೆ. ಚಡಪಡಿಸಲಿ. ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಬ್ಯಾಂಕಿಗೆ ಹೋಗಿ, ಈ ಕಾರ್ಡಿನ ಬಗ್ಗೆ ಒಂದು ಮಾತು ವಿಚಾರಿಸಿ.